ಎಳೆದ ಸ್ವರದಲ್ಲಿ ಊರು

2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಓಝಿ ಆಸ್ಬೋರ್ನ್ ಕಡೆಯ ಸಲ ಹಾಡಿದರು. ಪಾರ್ಕಿನ್‌ಸನ್ ಕಾಯಿಲೆ ಕಾಲಿನ ಬಲ ಕಸಿದಿತ್ತು. ಸಿಂಹಾಸನದಂಥ ಕಪ್ಪು ಕುರ್ಚಿಯಲ್ಲಿ ಕೂತೇ ಹಾಡಿದರು. ಆ ಕ್ರೀಡಾಂಗಣ ಇರುವುದು ಅವರು ಬೆಳೆದ ಆಸ್ಟನ್‌ನಲ್ಲೇ. ಮೂರು ವಾರ ತುಂಬುವ ಮೊದಲೇ ತೀರಿಕೊಂಡರು. ವರ್ಷಗಟ್ಟಲೆ ಕ್ಯಾಲಿಫೋರ್ನಿಯಾದಲ್ಲಿ ಬಾಳಿದರೂ ಅವರ ಮಾತು ಆಸ್ಟನ್ನಿನ ಕಾರ್ಖಾನೆ ಕೇರಿಗಳದ್ದೇ ಆಗಿ ಉಳಿದಿತ್ತು. ಬರ್ಮಿಂಗ್‌ಹ್ಯಾಮಿನವರ ಆ ಧಾಟಿಗೆ ‘ಬ್ರಮ್ಮಿ’ ಎನ್ನುತ್ತಾರೆ. ವಾಕ್ಯ ಮುಗಿಯುವಾಗ ದನಿ ಕೆಳಗಿಳಿದು, ಕೇಳುವವರಿಗೆ ಏನೋ ಬೇಸರದಲ್ಲಿದ್ದಾರೆ ಅನ್ನಿಸುವಂಥ ಮಾತು. ಆದರೆ ಗಿಟಾರು ಮೊಳಗಿ ಓಝಿ ಹಾಡಿಗಿಳಿದರೋ, ಆಸ್ಟನ್ ಬಹುಮಟ್ಟಿಗೆ ಮಾಯವಾಗುತ್ತಿತ್ತು. 1970ರಲ್ಲಿ ‘ಬ್ಲ್ಯಾಕ್ ಸಬ್ಬತ್’ ತಂಡದ ಮೊದಲ ಆಲ್ಬಂ ಬಂದಾಗಿನಿಂದಲೂ ಹಾಗೇ.

ಓಝಿ ಒಬ್ಬರೇ ಅಲ್ಲ. ಪಕ್ಕದ ವೆಸ್ಟ್ ಬ್ರಾಮಿಚ್‌ನಲ್ಲಿ ಹುಟ್ಟಿದ ರಾಬರ್ಟ್ ಪ್ಲ್ಯಾಂಟ್ ‘ಲೆಡ್ ಝೆಪೆಲಿನ್’ಗೆ ಹಾಡುವಾಗ ಕೇಳಿಸುವುದು ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಬ್ಲೂಸ್ ಗಾಯಕರ ನೆರಳು. ಅದೇ ಇಂಗ್ಲೆಂಡಿನಲ್ಲಿ ಊರ ಮಾತನ್ನು ಹಾಡಿನೊಳಗೂ ಉಳಿಸಿಕೊಂಡು ಹೆಸರಾದವರಿದ್ದಾರೆ: ಮ್ಯಾಂಚೆಸ್ಟರಿನ ಲಿಯಮ್ ಗ್ಯಾಲಗರ್, ಶೆಫೀಲ್ಡಿನ ಅಲೆಕ್ಸ್ ಟರ್ನರ್, ಬಾರ್ನ್‌ಸ್ಲಿಯ ಕೇಟ್ ರಸ್ಬಿ. ಇವರನ್ನು ಮೆಚ್ಚುವವರು ಸಾಮಾನ್ಯವಾಗಿ ‘ಎಷ್ಟು ಸಹಜವಾಗಿ ಹಾಡುತ್ತಾರೆ’ ಅನ್ನುತ್ತಾರೆ. ನನಗೆ ಆ ‘ಸಹಜ’ದ ಮೇಲೇ ಅನುಮಾನ. ಹಾಡುವಾಗ ಊರ ಮಾತು ತಾನಾಗಿ ಬರುವುದಿಲ್ಲ, ಕರೆದು ತರಬೇಕು. ಸಹಜವಾಗಿ ಬರುವುದು ಸಾಲ ತಂದ ಧಾಟಿ.

ಯಾಕೆ ಹೀಗೆ? ಒಂದು ಸೀಮೆಯ ಮಾತನ್ನು ನಾವು ಗುರುತಿಸುವುದು ಮುಖ್ಯವಾಗಿ ಅದರ ಏರಿಳಿತದಿಂದ, ಅದರ ನಡೆಯಿಂದ, ಅದರ ಅಕ್ಷರಗಳ ಬಣ್ಣದಿಂದ. ಧಾರವಾಡದ ಇಬ್ಬರು ಪಕ್ಕದ ಕೋಣೆಯಲ್ಲಿ ಮಾತಾಡುತ್ತಿದ್ದರೆ ಪದ ಒಂದೂ ತಿಳಿಯದಿದ್ದರೂ ಧಾರವಾಡದವರು ಎಂದು ಗೊತ್ತಾಗುತ್ತದೆ, ಕುಂದಾಪುರದವರೂ ಅಷ್ಟೇ. ಅದು ಏರಿಳಿತದ ಮಹಿಮೆ. ಹಾಡಿನಲ್ಲಿ ಆ ಏರಿಳಿತದ ಜಾಗಕ್ಕೆ ಮಟ್ಟು ಬಂದು ಕೂರುತ್ತದೆ, ನಡೆಯ ಜಾಗಕ್ಕೆ ತಾಳ. ಉಳಿಯುವುದು ಅಕ್ಷರಗಳ ಬಣ್ಣವೊಂದೇ. ಅದೂ ಪೂರ್ತಿ ಉಳಿಯುವುದಿಲ್ಲ: ಹೆಣ್ಣುದನಿ ತಾರಸ್ಥಾಯಿಯ ತುದಿಗೆ ಹೋದಾಗ ಅಕಾರಕ್ಕೂ ಇಕಾರಕ್ಕೂ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಹೀಗಾಗಿ ಗಾಯಕರು ಊರನ್ನು ತೋರಿಸಬೇಕೆಂದರೆ ಅವರ ಕೈಯಲ್ಲಿರುವುದು ಕೆಲವೇ ಸ್ವರಗಳು, ಒಂದೆರಡು ವ್ಯಂಜನಗಳು.

ಇಂಗ್ಲೆಂಡಿನ ಮಧ್ಯ ಮತ್ತು ಉತ್ತರ ಸೀಮೆಗಳಲ್ಲಿ ಆ ಸ್ವರಗಳು ಯಾವುವು? ಲಂಡನ್ನಿನವರ ‘ಕಪ್’ ಲೀಡ್ಸಿಗೆ ಬಂದರೆ ‘ಕುಪ್’ ಎಂಬಂತೆ ಕೇಳಿಸುತ್ತದೆ. ‘ಲವ್’ ಎಂಬುದು ‘ಲುವ್’ ಕಡೆಗೆ ವಾಲುತ್ತದೆ. ಪ್ರೇಮಗೀತೆಗಳಲ್ಲಿ ಈ ಪದ ಎಷ್ಟು ಸಲ ಬರುತ್ತದೆ ಎಂದು ಯೋಚಿಸಿದರೆ, ಬಚ್ಚಿಟ್ಟುಕೊಳ್ಳುವುದು ಸುಲಭವಲ್ಲ ಅನ್ನಿಸುತ್ತದೆ. ದಕ್ಷಿಣದವರು ಎಳೆದು ‘ಬಾತ್’, ‘ಡಾನ್ಸ್’ ಅನ್ನುವುದನ್ನು ಉತ್ತರದವರು ‘ಬ್ಯಾತ್’, ‘ಡ್ಯಾನ್ಸ್’ ಎಂದು ಮೊಟಕಾಗಿ ಅನ್ನುತ್ತಾರೆ. ಇಲ್ಲೊಂದು ತಮಾಷೆಯಿದೆ. ಅಮೆರಿಕದವರೂ ‘ಡ್ಯಾನ್ಸ್’ ಎಂದೇ ಅನ್ನುವುದರಿಂದ, ಉತ್ತರದ ಗಾಯಕರಿಗೆ ಅಮೆರಿಕದ ಒಂದು ಸ್ವರ ಹುಟ್ಟಿನಿಂದಲೇ ಪುಕ್ಕಟೆ ಸಿಕ್ಕಿದೆ. ಆ ಪದ ಕೇಳಿ ಇವರು ಮೆಂಫಿಸ್ಸಿಗೆ ಹೊರಟಿದ್ದಾರೋ ಮ್ಯಾಂಚೆಸ್ಟರಿನಲ್ಲೇ ಇದ್ದಾರೋ ಹೇಳಲಾಗದು. ಇನ್ನು ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್ ಕಡೆಯವರು ‘ಸಿಂಗಿಂಗ್’ ಎಂಬಲ್ಲಿ ಗಕಾರವನ್ನು ಎರಡೂ ಕಡೆ ಒತ್ತಿ ಹೇಳುತ್ತಾರೆ, ಥೇಟ್ ನಮ್ಮ ಹಾಗೆ. ಲಂಡನ್ನಿನ ಶಿಷ್ಟರಿಗೆ ಅದು ಒರಟು. ಪದದ ಮೊದಲ ಹಕಾರ ನುಂಗುವ ರೂಢಿಯೂ ಅಲ್ಲುಂಟು. ಹಾಲನ್ನು ಆಲು ಮಾಡುವ ಮಂಡ್ಯ, ಚಾಮರಾಜನಗರದವರಿಗೆ ಇದನ್ನು ವಿವರಿಸಬೇಕಿಲ್ಲ.

ಪಾಪ್ ಗಾಯಕರ ಬಾಯಿಯನ್ನು ಗಂಭೀರವಾಗಿ ಅಳೆದು ನೋಡಿದವರು ನಾರ್ವಿಚ್ ಮೂಲದ ಭಾಷಾವಿಜ್ಞಾನಿ ಪೀಟರ್ ಟ್ರಡ್‌ಗಿಲ್. 1983ರಲ್ಲಿ ಅವರ ಪ್ರಬಂಧ ಬಂತು. 1950ರ ದಶಕದ ಕೊನೆಯಿಂದ ಬ್ರಿಟಿಷ್ ಗಾಯಕರು ಹಾಡಲು ನಿಂತೊಡನೆ ಅಮೆರಿಕದ ಒಂದಷ್ಟು ಧ್ವನಿಗಳನ್ನು ತೊಡುತ್ತಾರೆ ಎಂದು ಅವರು ತೋರಿಸಿದರು: ‘ಬೆಟರ್’ ಎಂಬುದು ‘ಬೆಡರ್’ ಆಗುತ್ತದೆ, ‘ಲೈಫ್’ ಎಂಬುದು ‘ಲಾಫ್’ ಆಗುತ್ತದೆ, ‘ಗರ್ಲ್’ ಎಂಬಲ್ಲಿ ಇಂಗ್ಲೆಂಡಿನ ಬಹುಪಾಲು ಜನ ಬಿಟ್ಟುಬಿಡುವ ರಕಾರ ಬಂದು ಕೂರುತ್ತದೆ. ಟ್ರಡ್‌ಗಿಲ್ ಬೀಟಲ್ಸ್ ತಂಡದ ಆಲ್ಬಂಗಳನ್ನು ಒಂದೊಂದಾಗಿ ಕೇಳಿ ಈ ರಕಾರವನ್ನು ಎಣಿಸಿದರು. 1963ರ ಮೊದಲ ಆಲ್ಬಂನಲ್ಲಿ ಬರಬಹುದಾದ ಕಡೆಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಬಂದಿತ್ತು. ದಶಕ ಮುಗಿಯುವ ಹೊತ್ತಿಗೆ ಅದು ಬಹುತೇಕ ಇಲ್ಲವಾಗಿತ್ತು.

ಅಮೆರಿಕವನ್ನು ಅನುಕರಿಸುವ ಉತ್ಸಾಹದಲ್ಲಿ ಅತಿಯೂ ಆಗುತ್ತಿತ್ತು. ‘ಟಿಲ್ ದೇರ್ ವಾಸ್ ಯು’ ಹಾಡಿನಲ್ಲಿ ಪಾಲ್ ಮೆಕಾರ್ಟ್ನಿ ‘ಸಾ’ ಎಂಬ ಪದದ ತುದಿಗೆ ರಕಾರ ಅಂಟಿಸಿದರು. ಅಮೆರಿಕದವರು ಅಲ್ಲಿ ರಕಾರ ಹಾಕುವುದಿಲ್ಲ. ಸಕಾರಕ್ಕೆ ಶಕಾರ ಹಾಕಿದರೆ ಮಾತು ಶಿಷ್ಟವಾಗುತ್ತದೆಂದು ‘ಶಮಯ’, ‘ಶಂತೋಷ’ ಅನ್ನುವವರನ್ನು ನಾವೂ ಕಂಡಿದ್ದೇವಲ್ಲ, ಅದೇ ಜಾಡು. ಟ್ರಡ್‌ಗಿಲ್ ಕೊಟ್ಟ ಕಾರಣ ಸರಳ. ಜನ ತಾವು ಮೆಚ್ಚಿದವರಂತೆ ದನಿ ಮಾಡುತ್ತಾರೆ, ರಾಕ್ ಅಂಡ್ ರೋಲ್ ಅಮೆರಿಕದ ಕಪ್ಪು ಜನರದ್ದು, ಹಾಗಾಗಿ ಅವರ ಧಾಟಿ. ಬೀಟಲ್ಸ್ ತಾವೇ ಜಗತ್ತಿಗೆ ಮಾದರಿಯಾದ ಮೇಲೆ ಇನ್ನೊಬ್ಬರಂತೆ ಹಾಡುವ ಗರಜು ಕಡಿಮೆಯಾಯಿತು. ಲಿವರ್‌ಪೂಲಿನ ಬೀದಿಯೊಂದು 1967ರಲ್ಲಿ ಅವರ ಹಾಡಿನ ಹೆಸರೇ ಆಯಿತು. 1969ರ ‘ಪಾಲಿಥೀನ್ ಪ್ಯಾಮ್’ನಲ್ಲಿ ಜಾನ್ ಲೆನನ್ ಲಿವರ್‌ಪೂಲಿನ ಮಾತನ್ನು ಬೇಕೆಂದೇ ದಪ್ಪಮಾಡಿ ಹಾಡಿದರು. ಗೆದ್ದವರಿಗೆ ಮಾತ್ರ ಸಿಗುವ ಸಲಿಗೆ ಅದು.

ನ್ಯೂಜಿಲೆಂಡಿನ ಭಾಷಾವಿಜ್ಞಾನಿ ಆಂಡಿ ಗಿಬ್ಸನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ತಮ್ಮ ದೇಶದ ಗಾಯಕರಿಂದ ಒಂದೇ ಸಾಹಿತ್ಯವನ್ನು ಹಾಡಿಸಿ, ಓದಿಸಿ ಹೋಲಿಸಿದರು. ಓದುವಾಗ ನ್ಯೂಜಿಲೆಂಡಿನ ಸ್ವರ, ಹಾಡುವಾಗ ಅಮೆರಿಕದ್ದು. ಅಮೆರಿಕದವರಂತೆ ಹಾಡಬೇಕೆಂಬ ಸಂಕಲ್ಪ ಅಲ್ಲಿರಲಿಲ್ಲ. ಹಾಡು ಎಂದರೆ ಹಾಗೇ ಎಂದು ನಾಲಗೆ ಕಲಿತುಬಿಟ್ಟಿತ್ತು. ಪ್ರಯತ್ನ ಬೇಕಾಗಿದ್ದು ತಮ್ಮೂರಿನವರಂತೆ ಹಾಡುವುದಕ್ಕೆ. ನನ್ನ ಅನುಮಾನಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ನಮ್ಮಲ್ಲೂ ಹಾಡಿನ ಭಾಷೆಗೊಂದು ಊರಿಲ್ಲದ ಊರು ಇದೆ. ಕಾಕಿನಾಡದ ಪಿ.ಬಿ. ಶ್ರೀನಿವಾಸ್ ವರ್ಷಗಟ್ಟಲೆ ರಾಜ್‌ಕುಮಾರರ ಹಾಡುವ ದನಿಯಾಗಿದ್ದರು. ಎಸ್. ಜಾನಕಿ, ಪಿ. ಸುಶೀಲ, ಎಸ್.ಪಿ. ಬಾಲಸುಬ್ರಹ್ಮಣ್ಯಂ ತೆಲುಗಿನವರು, ವಾಣಿ ಜಯರಾಂ ತಮಿಳಿನವರು, ಆಮೇಲೆ ಸೋನು ನಿಗಮ್, ಶ್ರೇಯಾ ಘೋಷಾಲ್ ಬಂದರು. ಸಿನಿಮಾ ಹಾಡಿನ ಕನ್ನಡ ಮೈಸೂರಿನದ್ದೂ ಅಲ್ಲ, ಹುಬ್ಬಳ್ಳಿಯದ್ದೂ ಅಲ್ಲ. ಅಚ್ಚುಕಟ್ಟಾಗಿ ಕಲಿತು ಹೇಳಿದ ಕನ್ನಡ. ದೂರಲು ಹೇಳುತ್ತಿಲ್ಲ. ನಮ್ಮ ಬಚ್ಚಲುಮನೆ ಗಾಯಕರೂ ಹಾಡಲು ಬಾಯಿ ತೆರೆದೊಡನೆ ಹಾಸನವನ್ನೋ ಬೀದರನ್ನೋ ಬಿಟ್ಟು ಆ ಕನ್ನಡಕ್ಕೇ ಹೊರಳುತ್ತಾರೆ. ಜಿ.ಪಿ. ರಾಜರತ್ನಂ ಅವರ ಕುಡುಕ ರತ್ನನ ಪದ್ಯಗಳಂಥವು ಬಂದಾಗ ಮಾತ್ರ ಬೇರೆ ದಾರಿಯಿರುವುದಿಲ್ಲ. ರತ್ನ ಕುಡಿಯುವುದು ಯೆಂಡ. ಅದನ್ನು ಹೆಂಡ ಎಂದು ತಿದ್ದಿ ಹಾಡಿದರೆ ರತ್ನನೇ ಎದ್ದುಹೋಗುತ್ತಾನೆ.

ಹಾಗೆಂದು ಇಂಗ್ಲೆಂಡಿನಲ್ಲಿ ಬೀಟಲ್ಸ್‌ಗಿಂತ ಮುಂಚೆ ಊರ ಮಾತಿನ ಹಾಡೇ ಇರಲಿಲ್ಲ ಎಂದಲ್ಲ. ಇತ್ತು, ನಗಿಸುವುದಕ್ಕೆ. 1930ರ ದಶಕದಲ್ಲಿ ವಿಗನ್ನಿನ ಜಾರ್ಜ್ ಫಾರ್ಂಬಿ ಪುಟ್ಟ ಬ್ಯಾಂಜೊಲೇಲೆ ಮೀಟುತ್ತ ಲ್ಯಾಂಕಶೈರ್ ಮಾತಿನಲ್ಲಿ ಪೋಲಿ ಧ್ವನಿಯ ಹಾಡು ಹಾಡಿ ದೇಶದ ಅತಿ ದೊಡ್ಡ ಸಿನಿಮಾ ತಾರೆಗಳಲ್ಲಿ ಒಬ್ಬರಾದರು. ರೋಚ್‌ಡೇಲಿನ ಗ್ರೇಸಿ ಫೀಲ್ಡ್ಸ್ ತಮಾಷೆಯ ಹಾಡಿಗೆ ಊರ ಮಾತು ಬಳಸಿ, ಭಾವಗೀತೆಗೆ ಬಂದಾಗ ಶಿಷ್ಟ ಉಚ್ಚಾರಣೆಗೆ ಜಾರುತ್ತಿದ್ದರು. ಅಳು ಬಂದರೆ ಲಂಡನ್, ನಗು ಬಂದರೆ ರೋಚ್‌ಡೇಲ್. ಕನ್ನಡ ಸಿನಿಮಾ ಮಂಗಳೂರಿನ, ಹುಬ್ಬಳ್ಳಿಯ ಕನ್ನಡವನ್ನು ದಶಕಗಟ್ಟಲೆ ಹಾಸ್ಯನಟರಿಗೆ ಹಂಚಿ, ನಾಯಕನಿಗೆ ಬೇರೆ ಕನ್ನಡ ಕೊಟ್ಟಿದ್ದು ನೆನಪಾಗುತ್ತದೆ. ಕರಾವಳಿಯ ಕನ್ನಡ ನಗೆಪಾಟಲಾಗದೆ ಇಡೀ ಕಥೆ ಹೊತ್ತು ನಿಂತದ್ದನ್ನು ನೋಡಲು 2014ರ ‘ಉಳಿದವರು ಕಂಡಂತೆ’ವರೆಗೆ ಕಾಯಬೇಕಾಯಿತು.

ಅಂದಿನ ಬಿಬಿಸಿಯೂ ಇದಕ್ಕೆ ಹೊಣೆ. ರೇಡಿಯೋದ ಇಂಗ್ಲಿಷು ಒಂದೇ, ಅದು ದಕ್ಷಿಣದ ಓದಿದವರದ್ದು. ಯುದ್ಧಕಾಲದ 1941ರಲ್ಲಿ ಹ್ಯಾಲಿಫ್ಯಾಕ್ಸಿನ ವಿಲ್‌ಫ್ರೆಡ್ ಪಿಕಲ್ಸ್ ಅವರನ್ನು ದೇಶದ ವಾರ್ತೆ ಓದಲು ಕೂರಿಸಿದಾಗ, ಯಾರ್ಕ್‌ಶೈರ್ ಧಾಟಿಯಲ್ಲಿ ಓದಿದ ಸುದ್ದಿ ನಂಬುವಂತಿಲ್ಲ ಎಂದು ಗೊಣಗಿದವರಿದ್ದರು. ಪಿಕಲ್ಸ್ ಅವರೋ ಉತ್ತರದವರಿಗೆ ಉತ್ತರದ ಮಾತಿನಲ್ಲೇ ‘ಗುಡ್ ನೀಟ್’ ಎಂದು ಶುಭರಾತ್ರಿ ಹೇಳಿ ಏಳುತ್ತಿದ್ದರು.

1965ರಲ್ಲಿ ಒಂದು ವಿಚಿತ್ರ ನಡೆಯಿತು. ಮ್ಯಾಂಚೆಸ್ಟರಿನ ‘ಹರ್ಮನ್ಸ್ ಹರ್ಮಿಟ್ಸ್’ ತಂಡದ ಎಳೆಯ ಗಾಯಕ ಪೀಟರ್ ನೂನ್ ‘ಮಿಸೆಸ್ ಬ್ರೌನ್ ಯೂವ್ ಗಾಟ್ ಎ ಲವ್ಲಿ ಡಾಟರ್’ ಎಂಬ ಹಾಡನ್ನು ಊರ ಧಾಟಿಯನ್ನು ಇನ್ನಷ್ಟು ಹಿಗ್ಗಿಸಿ ಹಾಡಿದರು. ಬ್ರಿಟನ್ನಿನಲ್ಲಿ ಅದನ್ನು ಬಿಡಿ ಹಾಡಾಗಿ ಬಿಡುಗಡೆ ಮಾಡಲೇ ಇಲ್ಲ. ಅಮೆರಿಕದಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಬ್ರಿಟನ್ನಿನ ಹುಡುಗರೆಲ್ಲ ಅಮೆರಿಕದವರಂತೆ ಹಾಡಲು ಹೆಣಗುತ್ತಿದ್ದ ಹೊತ್ತಿನಲ್ಲಿ ಅಮೆರಿಕ ಮ್ಯಾಂಚೆಸ್ಟರಿನ ಬಾಯಿಯನ್ನು ದುಡ್ಡು ಕೊಟ್ಟು ಕೊಂಡಿತು. ಊರ ಮಾತು ಹಾಡಿನಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದು ಹಾಡುವವರಿಂದಷ್ಟೇ ತೀರ್ಮಾನವಾಗುವುದಿಲ್ಲ. ಯಾರಿಗೆ ಹಾಡುತ್ತಿದ್ದಾರೆ ಎಂಬುದೂ ತೀರ್ಮಾನಿಸುತ್ತದೆ.

ಇದೇ ಕಾಲದಲ್ಲಿ ಲಂಡನ್ನಿನ ಜನಪದ ಗಾಯಕರ ನಡುವೆ ಒಂದು ಕಟ್ಟಳೆ ಹುಟ್ಟಿತ್ತು. ಯೂವನ್ ಮೆಕಾಲ್ ಮತ್ತು ಪೆಗಿ ಸೀಗರ್ ನಡೆಸುತ್ತಿದ್ದ ‘ಸಿಂಗರ್ಸ್ ಕ್ಲಬ್’ನಲ್ಲಿ ವೇದಿಕೆ ಹತ್ತಿದವರು ತಮ್ಮ ನಾಡಿನ, ತಮ್ಮ ನುಡಿಯ ಹಾಡನ್ನೇ ಹಾಡಬೇಕು. ಲಂಡನ್ನಿನ ಹುಡುಗ ಅಮೆರಿಕದ ರೈಲುಹಾದಿಯ ಕೂಲಿಕಾರನಂತೆ ಹಾಡಕೂಡದು. ಕೇಳಲು ಚೆನ್ನಾಗಿದೆ. ಆದರೆ ಕಟ್ಟಳೆ ಹಾಕಿದ ಮೆಕಾಲ್ ಯಾರು? ಅವರ ಜನ್ಮನಾಮ ಜೇಮ್ಸ್ ಮಿಲ್ಲರ್. 1915ರಲ್ಲಿ ಹುಟ್ಟಿದ್ದು, ಬೆಳೆದದ್ದು ಮ್ಯಾಂಚೆಸ್ಟರಿಗೆ ಅಂಟಿಕೊಂಡ ಸಾಲ್‌ಫರ್ಡ್‌ನಲ್ಲಿ. ತಂದೆತಾಯಿ ಸ್ಕಾಟ್ಲೆಂಡಿನವರು. ಹೆಸರು ಬದಲಿಸಿಕೊಂಡು ಸ್ಕಾಟ್ಲೆಂಡಿನ ಲಾವಣಿಗಳನ್ನು ಸ್ಕಾಟಿಷ್ ಧಾಟಿಯಲ್ಲಿ ಹಾಡುತ್ತಿದ್ದರು. ಸಾಲ್‌ಫರ್ಡ್ ಬಗ್ಗೆ ಅವರು 1949ರಲ್ಲಿ ಬರೆದ ‘ಡರ್ಟಿ ಓಲ್ಡ್ ಟೌನ್’ ಆ ಪಟ್ಟಣದ ನಾಡಗೀತೆಯಂತೆ ಉಳಿದಿದೆ. ಅದನ್ನು ಐರಿಷ್ ಹಾಡೆಂದೇ ನಂಬಿದವರು ಬೇಕಾದಷ್ಟು ಜನ. ಮೆಕಾಲ್ ಅವರನ್ನು ಕಪಟಿ ಎಂದು ಬೈಯುವವರ ಸಾಲಿನಲ್ಲಿ ನಾನಿಲ್ಲ. ಮನೆಯೊಳಗೆ ಅಪ್ಪ ಅಮ್ಮನಿಂದ ಕೇಳಿ ಕಲಿತ ಮಾತು ಅವರದ್ದಲ್ಲವೆಂದು ಹೇಳುವವರು ಯಾರು? ಆದರೆ ‘ನಿನ್ನ ಸ್ವಂತ ದನಿಯಲ್ಲಿ ಹಾಡು’ ಎಂದು ಇನ್ನೊಬ್ಬರಿಗೆ ಹುಕುಂ ಮಾಡುವುದು ಎಷ್ಟು ತೊಡಕಿನ ಕೆಲಸವೆಂಬುದಕ್ಕೆ ಅವರೇ ಸಾಕ್ಷಿ.

ಮ್ಯಾಂಚೆಸ್ಟರಿಗೆ ಊರ ಮಾತಿನ ಧೈರ್ಯ ಬಂದದ್ದು ಕಟ್ಟಳೆಯಿಂದಲ್ಲ, ಸಲಕರಣೆಯಿಂದ. ಹಾಡು ಮುದ್ರಿಸಲು ಲಂಡನ್ನಿಗೇ ಹೋಗಬೇಕಾದ ಕಾಲದಲ್ಲಿ ಲಂಡನ್ನಿನವರ ಕಿವಿಗೆ ಒಗ್ಗಬೇಕಿತ್ತು. 1977ರ ಜನವರಿಯಲ್ಲಿ ‘ಬಝ್‌ಕಾಕ್ಸ್’ ತಂಡದ ಹುಡುಗರು ಸಾಲ ಎತ್ತಿ ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಪುಟ್ಟ ತಟ್ಟೆಯನ್ನು ತಾವೇ ಹೊರತಂದರು. ಮರುವರ್ಷ ಟೋನಿ ವಿಲ್ಸನ್ ಮತ್ತು ಗೆಳೆಯರು ‘ಫ್ಯಾಕ್ಟರಿ’ ಎಂಬ ಧ್ವನಿಮುದ್ರಿಕೆ ಕಂಪನಿ ಕಟ್ಟಿದರು. ಲಂಡನ್ನಿನ ಅಪ್ಪಣೆ ಬೇಡವಾಯಿತು. ‘ದಿ ಫಾಲ್’ ತಂಡದ ಮಾರ್ಕ್ ಇ. ಸ್ಮಿತ್ ಸಾಲಿನ ಕೊನೆಯ ಪದಗಳಿಗೆಲ್ಲ ‘ಅ’ ಎಂಬ ಬಾಲ ಸೇರಿಸಿ ಗದರುವಂತೆ ಹಾಡಿದರು. ಸಾಲ್‌ಫರ್ಡಿನ ಜಾನ್ ಕೂಪರ್ ಕ್ಲಾರ್ಕ್ ಪಂಕ್ ತಂಡಗಳ ವೇದಿಕೆಯಲ್ಲಿ ಊರ ಮಾತಿನ ಪದ್ಯಗಳನ್ನು ಪಟಪಟನೆ ಒಪ್ಪಿಸಿದರು.

ಇವರಿಬ್ಬರೂ ನಿಜಕ್ಕೂ ಹಾಡುತ್ತಿರಲಿಲ್ಲ, ಅರ್ಧ ಮಾತಾಡುತ್ತಿದ್ದರು. ಊರ ಧಾಟಿಯ ಹಾಡುಗಾರರೆಂದು ಪಟ್ಟಿ ಮಾಡುವ ಹೆಸರುಗಳಲ್ಲಿ ಬಹಳಷ್ಟು ಹೀಗೇ. ನಾಟಿಂಗ್‌ಹ್ಯಾಮಿನ ‘ಸ್ಲೀಫರ್ಡ್ ಮಾಡ್ಸ್’, ಲೀಡ್ಸಿನ ‘ಯಾರ್ಡ್ ಆಕ್ಟ್’ ಇವರೆಲ್ಲರಲ್ಲೂ ಮಟ್ಟು ಹಿಂದೆ ಸರಿದು ಮಾತಿನ ಏರಿಳಿತ ಮರಳಿ ಬಂದಿದೆ. ಮಾತಾಡಿದರೆ ಊರು ಕೇಳಿಸುತ್ತದೆ, ಅದರಲ್ಲಿ ಆಶ್ಚರ್ಯವೇನು? ಕಷ್ಟವಿರುವುದು ಸ್ವರ ಎಳೆದು ನಿಲ್ಲಿಸುವಲ್ಲಿ. ಒಂದು ಅಕ್ಷರವನ್ನು ನಾಲ್ಕು ಮಾತ್ರೆ ಹಿಡಿದಾಗ ಅದು ಯಾವ ಊರಿನದ್ದೆಂದು ಕೇಳಿಸಬೇಕು.

ಆ ಪರೀಕ್ಷೆಯಲ್ಲಿ ಗೆದ್ದವರು ಲಿಯಮ್ ಗ್ಯಾಲಗರ್. ಸಂಗೀತ ಮೇಷ್ಟ್ರುಗಳು ಎಲ್ಲ ಕಡೆಯೂ ಕಲಿಸುವ ಪಾಠವೊಂದಿದೆ: ಐಕಾರ ಬಂದರೆ ಅಕಾರದ ಮೇಲೆ ನಿಂತು ಎಳೆಯಬೇಕು, ಇಕಾರವನ್ನು ಕೊನೆಯಲ್ಲಿ ಮುಟ್ಟಿ ಬಿಡಬೇಕು. ಬರ್ನೇಜ್ ಬಡಾವಣೆಯ ಈ ಹುಡುಗ 1994ರ ‘ಸಿಗರೆಟ್ಸ್ ಅಂಡ್ ಆಲ್ಕೊಹಾಲ್’ ಹಾಡಿನಲ್ಲಿ ‘ಸನ್‌ಶೈನ್’ ಎಂಬ ಪದಕ್ಕೆ ಬಂದಾಗ ಪಾಠವನ್ನು ತಲೆಕೆಳಗು ಮಾಡಿದರು. ಎಳೆದದ್ದು ಇಕಾರವನ್ನು, ಅದೂ ಮೂಗಿನಲ್ಲಿ, ಗಲಾಟೆ ಎಬ್ಬಿಸುವವರಂತೆ. ಅವರ ‘ಓಯಸಿಸ್’ ತಂಡದ ಆ ಒಂದು ಪದವನ್ನು ಬ್ರಿಟನ್ನಿನಲ್ಲಿ ಕುಡಿದವರೂ ಕುಡಿಯದವರೂ ಅನುಕರಿಸುತ್ತಾರೆ. ಅದು ಶುದ್ಧ ಮ್ಯಾಂಚೆಸ್ಟರೇ? ಅದರೊಳಗೆ ಲೆನನ್ ಇದ್ದಾರೆ, ಲಂಡನ್ನಿನ ಪಂಕ್ ಗಾಯಕ ಜಾನಿ ರಾಟನ್ ಇದ್ದಾರೆ. ಎಲ್ಲ ಸೇರಿ ಒಂದು ವೇಷ. ಆದರೆ ಊರಿನವರು ಅದನ್ನು ತಮ್ಮದೆಂದು ಒಪ್ಪಿದರು. 2025ರ ಜುಲೈನಲ್ಲಿ ತಂಡದ ಗ್ಯಾಲಗರ್ ಅಣ್ಣತಮ್ಮಂದಿರು ಜಗಳ ಬಿಟ್ಟು ಮತ್ತೆ ಒಂದಾಗಿ ಮ್ಯಾಂಚೆಸ್ಟರಿನ ಹೀಟನ್ ಪಾರ್ಕಿನಲ್ಲಿ ಐದು ರಾತ್ರಿ ಹಾಡಿದರು.

ಗಲಾಟೆ ಮಾಡದೆ ಇದೇ ಪರೀಕ್ಷೆ ಗೆದ್ದವರು ಕೇಟ್ ರಸ್ಬಿ. ದಕ್ಷಿಣ ಯಾರ್ಕ್‌ಶೈರಿನ ಹಳೆಯ ಗಣಿಪಟ್ಟಣ ಬಾರ್ನ್‌ಸ್ಲಿಯ ಕಡೆ 1973ರಲ್ಲಿ ಹುಟ್ಟಿದ ಈ ಜನಪದ ಗಾಯಕಿಯ ದನಿ ತೆಳುವು, ಹಾಡು ನಿಧಾನ, ಎಳೆತ ದೀರ್ಘ. ಆ ಎಳೆತದಲ್ಲೂ ‘ಲವ್’ ಎಂಬುದು ‘ಲುವ್’ ಆಗಿಯೇ ಇರುತ್ತದೆ. ಶೆಫೀಲ್ಡಿನ ಸುತ್ತಲ ಹಳ್ಳಿಗಳಲ್ಲಿ ಕ್ರಿಸ್ಮಸ್ ಹಾಡುಗಳನ್ನು ಚರ್ಚಿನ ಬದಲು ಪಬ್ಬಿನಲ್ಲಿ ಹಾಡುವ ಹಳೆಯ ರೂಢಿಯಿದೆ. ಬಿಯರಿನ ಲೋಟ ಹಿಡಿದು ಊರಿಗೆ ಊರೇ 18, 19ನೇ ಶತಮಾನದ ಮಟ್ಟುಗಳನ್ನು ಹಾಡುತ್ತದೆ. ರಸ್ಬಿ ಆ ಹಾಡುಗಳನ್ನು ಕೇಳುತ್ತ ಬೆಳೆದವರು, ಆಲ್ಬಂಗಳಿಗೂ ತಂದವರು. ನೂರಾರು ಬಾಯಿ ಒಟ್ಟಿಗೆ ಹಾಡುವ ಕಡೆ ಯಾರದೋ ಅಮೆರಿಕವನ್ನು ಅನುಕರಿಸುವ ಪ್ರಶ್ನೆ ಏಳುವುದಿಲ್ಲ.

ಯಾರ್ಕ್‌ಶೈರಿನವರ ನಾಡಗೀತೆ ಎನ್ನಬಹುದಾದ ‘ಆನ್ ಇಲ್ಕ್ಲ ಮೂರ್ ಬಾಟ್ ಆಟ್’ ಕೂಡ ಗುಂಪಿನ ಹಾಡೇ. ಲೀಡ್ಸಿನ ಪಕ್ಕದ ಇಲ್ಕ್ಲಿ ಬಯಲಿನಲ್ಲಿ ಟೋಪಿಯಿಲ್ಲದೆ ಅಲೆದವನ ಕಥೆ. ಹೆಸರಿನಲ್ಲೇ ಹಕಾರ ಬಿದ್ದುಹೋಗಿದೆ. ಮಟ್ಟು ಮಾತ್ರ ದಕ್ಷಿಣದ ಕೆಂಟ್ ಪ್ರಾಂತದ್ದು. ಕ್ಯಾಂಟರ್‌ಬರಿಯ ಥಾಮಸ್ ಕ್ಲಾರ್ಕ್ ಎಂಬವರು 19ನೇ ಶತಮಾನದ ಆರಂಭದಲ್ಲಿ ದೇವರ ಕೀರ್ತನೆಗೆಂದು ಕಟ್ಟಿದ್ದು.

ಬರ್ಮಿಂಗ್‌ಹ್ಯಾಮ್ ಸೀಮೆಯ ದಾರಿ ಇಷ್ಟು ಸಲೀಸಾಗಿರಲಿಲ್ಲ. ಆ ಮಾತಿನ ಬಗ್ಗೆ ದೇಶಕ್ಕಿರುವ ಅಸಡ್ಡೆ ಅಳತೆಗೂ ಸಿಕ್ಕಿದೆ. ಬಿಬಿಸಿಯ ‘ವಾಯ್ಸಸ್’ ಯೋಜನೆಯಡಿ ಐದು ಸಾವಿರಕ್ಕೂ ಹೆಚ್ಚು ಜನರಿಗೆ 34 ಬಗೆಯ ಧಾಟಿಗಳ ಪಟ್ಟಿ ಕೊಟ್ಟು ಅಂಕ ಹಾಕಲು ಹೇಳಿದಾಗ, ಪ್ರತಿಷ್ಠೆಯಲ್ಲೂ ಹಿತದಲ್ಲೂ ಬರ್ಮಿಂಗ್‌ಹ್ಯಾಮಿಗೆ ಕಟ್ಟಕಡೆಯ ಸ್ಥಾನ ಸಿಕ್ಕಿತು. 2002ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಪೊಲೀಸ್ ವಿಚಾರಣೆಯ ಧ್ವನಿಮುದ್ರಣ ಕೇಳಿಸಿದರು. ಆರೋಪಿ ಬ್ರಮ್ಮಿಯಲ್ಲಿ ಮಾತಾಡಿದಾಗ ಅವನೇ ತಪ್ಪಿತಸ್ಥನಿರಬೇಕೆಂದು ಹೇಳಿದವರು ಹೆಚ್ಚು. ಇಂಥ ಮಾತನ್ನು ಯಾರು ತಾನೆ ಪ್ರೇಮಗೀತೆಗೆ ತರುತ್ತಾರೆ?

ನಗರದ ಪಶ್ಚಿಮಕ್ಕಿರುವ ‘ಬ್ಲ್ಯಾಕ್ ಕಂಟ್ರಿ’ಯ ‘ಸ್ಲೇಡ್’ ತಂಡ ಅಡ್ಡದಾರಿ ಹಿಡಿಯಿತು. ಗಾಯಕ ನಾಡಿ ಹೋಲ್ಡರ್ ವಾಲ್ಸಾಲಿನವರು, ಕಿರುಚುವ ಗಂಟಲಿನವರು. 1971ರಲ್ಲಿ ಅವರ ಹಾಡೊಂದು ದೇಶದಲ್ಲಿ ಮೊದಲ ಸ್ಥಾನಕ್ಕೆ ಬಂದಾಗ ಹೆಸರಿನ ಕಾಗುಣಿತವೆಲ್ಲ ತಪ್ಪು: ‘ಲವ್’ ಪದವನ್ನು ಶಾಲೆಯಲ್ಲಿ ಕಲಿಸಿದಂತಲ್ಲದೆ ಬಾಯಲ್ಲಿ ಬಂದಂತೆ ಬರೆದಿದ್ದರು. ಮುಂದಿನ ಎಷ್ಟೋ ಹಾಡುಗಳಿಗೂ ಅದೇ ಗತಿ. ಮಕ್ಕಳ ಕಾಗುಣಿತ ಕೆಡುತ್ತದೆಂದು ಮೇಷ್ಟ್ರುಗಳು ರೇಗಿದರು. ಧಾಟಿಯನ್ನು ಕಿವಿಗೆ ಕೊಡುವ ಮೊದಲೇ ಕಣ್ಣಿಗೆ ಕೊಟ್ಟ ಈ ಉಪಾಯ ನನಗೆ ಬಹಳ ಇಷ್ಟ.

2006ರ ಜನವರಿಯಲ್ಲಿ ಶೆಫೀಲ್ಡಿನ ಹೊರವಲಯದ ಹೈ ಗ್ರೀನಿನ ನಾಲ್ವರು ಹುಡುಗರ ‘ಆರ್ಕ್ಟಿಕ್ ಮಂಕೀಸ್’ ತಂಡದ ಮೊದಲ ಆಲ್ಬಂ ಒಂದೇ ವಾರದಲ್ಲಿ 3,60,000ಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಬ್ರಿಟನ್ನಿನಲ್ಲಿ ಅಲ್ಲಿಯವರೆಗೆ ಯಾವ ತಂಡದ ಚೊಚ್ಚಲ ಆಲ್ಬಂ ಕೂಡ ಇಷ್ಟು ಬೇಗ ಮಾರಾಟವಾಗಿರಲಿಲ್ಲ. ಅಲೆಕ್ಸ್ ಟರ್ನರ್ ಶೆಫೀಲ್ಡಿನ ಸ್ವರದಲ್ಲಿ, ಶೆಫೀಲ್ಡಿನ ಪದಗಳಲ್ಲಿ ಹಾಡಿದರು. ಮುಖ ಊದಿಸಿಕೊಂಡವರಿಗೆ ಅಲ್ಲಿನವರು ಅನ್ನುವ ‘ಮಾರ್ಡಿ’ ಎಂಬ ಪದ ಹಾಡಿನ ಹೆಸರಿಗೇ ಏರಿತು. ಇನ್ನೊಂದು ಹಾಡು ಅಮೆರಿಕದವರಂತೆ ಪೋಸು ಕೊಡುವ ಊರ ಹುಡುಗರ ತಂಡವನ್ನು ಗೇಲಿ ಮಾಡಿತು. ಶೆಫೀಲ್ಡ್ ವಿಶ್ವವಿದ್ಯಾಲಯದ ಜೋನ್ ಬೀಲ್ 2009ರಲ್ಲಿ ಈ ತಂಡದ ಮೇಲೆ ಬರೆದ ಲೇಖನದ ಸಾರ ಇಷ್ಟು: ಈ ಧಾಟಿ ಶೆಫೀಲ್ಡನ್ನಷ್ಟೇ ಸೂಚಿಸುವುದಿಲ್ಲ, ನಾವು ದೊಡ್ಡ ಕಂಪನಿಗಳ ಎರಕದಲ್ಲಿ ಬಂದವರಲ್ಲ, ಯಾರ ಹಂಗೂ ಇಲ್ಲದವರು ಎಂದೂ ಸಾರುತ್ತದೆ. ಅಂದರೆ ಕೆಲ ಬಗೆಯ ಸಂಗೀತಕ್ಕೆ ಊರ ಮಾತೇ ಈಗ ರೂಢಿಯ ವೇಷ.

ಆಮೇಲೆ ಟರ್ನರ್ ಅಮೆರಿಕದಲ್ಲಿ ನೆಲೆಸಿದರು. 2013ರ ಆಲ್ಬಂ ಲಾಸ್ ಏಂಜಲೀಸಿನಲ್ಲಿ ಮುದ್ರಣವಾಯಿತು. ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆಯಲ್ಲಿ ಅವರ ಮಾತಿಗೂ ಅಮೆರಿಕದ ಬಳುಕು ಬಂದಿದೆಯೆಂದು ಪತ್ರಿಕೆಗಳು ಛೇಡಿಸಿದವು. 2006ರಿಂದ 2018ರವರೆಗಿನ ಹಾಡುಗಳನ್ನು ಪರಿಶೀಲಿಸಿದ ಭಾಷಾವಿಜ್ಞಾನಿ ಪಾಲ್ ಫ್ಲಾನಗನ್ ಕೂಡ ಉತ್ತರದ ಗುರುತುಗಳು ಸವೆಯುತ್ತ ಹೋದದ್ದನ್ನು ತೋರಿಸಿದ್ದಾರೆ. ಊರು ಮರೆತ ಹುಡುಗ ಎಂದು ಶೆಫೀಲ್ಡಿನವರು ಮುನಿಸಿಕೊಂಡರು, ಮಾರ್ಡಿಯಾದರು ಅನ್ನಿ. ಅವರ ಮುನಿಸು ನ್ಯಾಯವೆನಿಸುವುದಿಲ್ಲ ನನಗೆ. ಮೊದಲ ಆಲ್ಬಂ ಶನಿವಾರ ರಾತ್ರಿ ಶೆಫೀಲ್ಡಿನ ಬೀದಿಯಲ್ಲಿ ಸಿಗುವವರ ಕಥೆ, ಅವರಿಗಾಗಿ ಹಾಡಿದ್ದು. ಕಥೆ ಬದಲಾಯಿತು, ಕೇಳುವವರು ಬದಲಾದರು, ಸ್ವರವೂ ಬದಲಾಯಿತು. ಬೀಟಲ್ಸ್ ಅಮೆರಿಕದಿಂದ ಊರಿಗೆ ಬಂದರು, ಇವರು ಊರಿಂದ ಅಮೆರಿಕಕ್ಕೆ ಹೋದರು.

ಲೀಡ್ಸಿನವರು ಈ ವಿಷಯದಲ್ಲಿ ಹೆಚ್ಚು ಸದ್ದು ಮಾಡಿದವರಲ್ಲ. ‘ಕೈಸರ್ ಚೀಫ್ಸ್’ ತಂಡ 2004ರಲ್ಲಿ ನಗರದ ರಾತ್ರಿಗಳ ಬಗ್ಗೆ ಹಾಡಿದ ‘ಐ ಪ್ರೆಡಿಕ್ಟ್ ಎ ರಾಯಟ್’ನಲ್ಲಿ ಪ್ರಾಸಕ್ಕೆಂದು ‘ದೀ’ ಎಂಬ ಹಳೆಯ ಏಕವಚನ ನುಗ್ಗಿಸಿತು. ಶಿಷ್ಟ ಇಂಗ್ಲಿಷಿನಲ್ಲಿ ಎಂದೋ ಸತ್ತು ಯಾರ್ಕ್‌ಶೈರಿನ ಹಿರಿಯರ ಬಾಯಲ್ಲಿ ಉಳಿದ ರೂಪ ಅದು. 2024ರಲ್ಲಿ ಲೀಡ್ಸಿನದೇ ‘ಇಂಗ್ಲಿಷ್ ಟೀಚರ್’ ತಂಡ ಮರ್ಕ್ಯುರಿ ಪ್ರಶಸ್ತಿ ಗೆದ್ದಿತು. ಹತ್ತು ವರ್ಷಗಳಲ್ಲಿ ಲಂಡನ್ನಿನ ಆಚೆಗೆ ಹೋದ ಮೊದಲ ಪ್ರಶಸ್ತಿ. ಗಾಯಕಿ ಲಿಲಿ ಫಾಂಟೇನ್ ಅವರೂ ಎಷ್ಟೋ ಕಡೆ ಹಾಡುತ್ತ ಹಾಡುತ್ತ ಮಾತಿಗಿಳಿಯುತ್ತಾರೆ.

ಬರ್ಮಿಂಗ್‌ಹ್ಯಾಮಿನ ಬಾಯಿ ಕೊನೆಗೂ ಬಿಚ್ಚಿಕೊಂಡದ್ದು ರ‍್ಯಾಪಿನಲ್ಲಿ. ‘ದಿ ಸ್ಟ್ರೀಟ್ಸ್’ನ ಮೈಕ್ ಸ್ಕಿನ್ನರ್ ಹುಟ್ಟಿದ್ದು ಲಂಡನ್, ಬೆಳೆದದ್ದು ಬರ್ಮಿಂಗ್‌ಹ್ಯಾಮ್, 2002ರ ಅವರ ಆಲ್ಬಂ ಎರಡೂ ಊರಿನ ಬೆರಕೆ. ‘ಗ್ರೈಮ್’ ಎಂಬ ಬಗೆ ಲಂಡನ್ನಿನಲ್ಲಿ ಹುಟ್ಟಿದ್ದರಿಂದ ಬಹುಕಾಲ ಲಂಡನ್ನಿನಂತೆ ನುಡಿಯುವುದೇ ಅದರ ರೂಢಿಯಾಗಿತ್ತು. 2015ರ ಸುಮಾರಿಗೆ ಮ್ಯಾಂಚೆಸ್ಟರಿನಿಂದ ಬಗ್ಸಿ ಮಲೋನ್, ಬರ್ಮಿಂಗ್‌ಹ್ಯಾಮ್ ಅಂಚಿನ ಕಿಂಗ್ಸ್‌ಹರ್ಸ್ಟಿನಿಂದ ಲೇಡಿ ಲೆಶರ್, ಸ್ಮಾಲ್ ಹೀತಿನಿಂದ ಜೇಕೇ ತಮ್ಮೂರ ಸ್ವರದಲ್ಲೇ ನುಡಿದು ಯೂಟ್ಯೂಬಿನಲ್ಲಿ ಕೇಳುಗರನ್ನು ಗಳಿಸಿದರು. ಲೇಡಿ ಲೆಶರ್ ತಮ್ಮ ವಿಡಿಯೋ ಸರಣಿಗೆ ಇಟ್ಟ ಹೆಸರು ‘ಕ್ವೀನ್ಸ್ ಸ್ಪೀಚ್’, ರಾಣಿಯ ಭಾಷಣ. ರಾಣಿಯ ಇಂಗ್ಲಿಷಿಗೆ ಇದಕ್ಕಿಂತ ಚುರುಕಾಗಿ ಚಿವುಟಿದವರನ್ನು ನಾನು ಕಾಣೆ.

ಇಷ್ಟು ಹೇಳಿ ಹ್ಯಾಂಡ್ಸ್‌ವರ್ತನ್ನು ಬಿಟ್ಟರೆ ಆಗದು. ಬರ್ಮಿಂಗ್‌ಹ್ಯಾಮಿನ ಈ ಬಡಾವಣೆಗೆ ಯುದ್ಧದ ನಂತರ ಕೆರೀಬಿಯನ್ ದ್ವೀಪಗಳವರೂ ಪಂಜಾಬಿನವರೂ ಬಂದು ನೆಲೆಸಿದರು. 1978ರಲ್ಲಿ ‘ಸ್ಟೀಲ್ ಪಲ್ಸ್’ ತಂಡದ ರೆಗೆ ಆಲ್ಬಂ ‘ಹ್ಯಾಂಡ್ಸ್‌ವರ್ತ್ ರೆವಲ್ಯೂಶನ್’ ಬಂತು. ಅಲ್ಲೇ ಪಂಜಾಬಿ ಮನೆಯಲ್ಲಿ ಹುಟ್ಟಿ, ಬೀದಿಯಲ್ಲಿ ಜಮೈಕಾದ ಹುಡುಗರ ಜೊತೆ ಬೆಳೆದ ಸ್ಟೀವನ್ ಕಪೂರ್ ‘ಅಪಾಚೆ ಇಂಡಿಯನ್’ ಎಂಬ ಹೆಸರಿಟ್ಟುಕೊಂಡು ಜಮೈಕಾದ ಪಟ್ವಾ, ಪಂಜಾಬಿ ಮತ್ತು ಬರ್ಮಿಂಗ್‌ಹ್ಯಾಮಿನ ಇಂಗ್ಲಿಷನ್ನು ಒಂದೇ ಉಸಿರಿನಲ್ಲಿ ಹಾಡಿದರು. 1993ರಲ್ಲಿ ಅವರ ‘ಬೂಮ್ ಶ್ಯಾಕ್-ಅ-ಲ್ಯಾಕ್’ ಬ್ರಿಟನ್ನಿನ ಮೊದಲ ಹತ್ತರೊಳಗೆ ಬಂತು. ಭಾರತದ ಕ್ಯಾಸೆಟ್ ಅಂಗಡಿಗಳಲ್ಲೂ ಮೊಳಗಿತು. ಜಮೈಕಾಕ್ಕೆ ಸೇರದವರು ಜಮೈಕಾದವರಂತೆ ಹಾಡುವುದು ಪ್ಲ್ಯಾಂಟ್ ಮಾಡಿದ ಸಾಲವೇ ಅಲ್ಲವೇ ಎಂದು ಕೇಳಬಹುದು. ಆದರೆ ಪ್ಲ್ಯಾಂಟ್ ಮಿಸಿಸಿಪ್ಪಿಯನ್ನು ಕೇಳಿದ್ದು ಗ್ರಾಮಫೋನಿನಲ್ಲಿ, ಕಪೂರ್ ಪಟ್ವಾ ಕಲಿತದ್ದು ಮನೆಯೆದುರಿನ ಬೀದಿಯಲ್ಲಿ. ಬಿಬಿಸಿಯ ಆ 34ರ ಪಟ್ಟಿಯಲ್ಲಿ ಬರ್ಮಿಂಗ್‌ಹ್ಯಾಮಿಗೆ ಒಂದು ಸಾಲಿತ್ತು, ಏಷ್ಯನ್ನರ ಇಂಗ್ಲಿಷಿಗೆ ಇನ್ನೊಂದು, ಆಫ್ರೋ-ಕೆರೀಬಿಯನ್ನರದ್ದಕ್ಕೆ ಮತ್ತೊಂದು. ಕಪೂರ್ ಹಾಡುವುದು ಆ ಮೂರರಲ್ಲೂ.